ಕ್ರೂಸ್‌ನಲ್ಲಿ ಮಕ್ಕಳನ್ನು ಕಿಡ್ಸ್ ಕ್ಲಬ್‌ಗೆ ಬಿಡಬೇಕಾ, ಜೊತೆಯಲ್ಲೇ ಇಟ್ಟುಕೊಳ್ಳಬೇಕಾ?

ಪ್ರಶ್ನೆ: ನಾವು ಹಾಸನದವರು, ಈಗಿರುವುದು ಡಲ್ಲಾಸ್‌ನಲ್ಲಿ. ಮಗಳಿಗೆ 8 ವರ್ಷ, ಮಗನಿಗೆ ಎರಡೂವರೆ. ಅವನಿಗೆ ಇನ್ನೂ ಡೈಪರ್ ಬಿಡಿಸಿಲ್ಲ. ಊರಿನಿಂದ ಅತ್ತೆ-ಮಾವ ಬರುತ್ತಿದ್ದಾರೆ. ಮಾರ್ಚ್‌ನ ಶಾಲಾ ರಜೆ ಸ್ಪ್ರಿಂಗ್ ಬ್ರೇಕ್‌ನಲ್ಲಿ ಎಲ್ಲರೂ ಸೇರಿ ಟೆಕ್ಸಾಸ್‌ನ ಗ್ಯಾಲ್ವೆಸ್ಟನ್ ಬಂದರಿನಿಂದ ಏಳು ರಾತ್ರಿಯ ಕ್ರೂಸ್ ಹೋಗೋಣ ಅಂತಿದ್ದೇವೆ. ಹಡಗಿನಲ್ಲಿ ಕಿಡ್ಸ್ ಕ್ಲಬ್ ಇರುತ್ತದಂತೆ, ಬೆಳಿಗ್ಗೆ ಬಿಟ್ಟರೆ ರಾತ್ರಿವರೆಗೂ ನೋಡಿಕೊಳ್ಳುತ್ತಾರಂತೆ. ನಿಜ ಹೇಳಬೇಕೆಂದರೆ ನನಗೂ ಸ್ವಲ್ಪ ಬಿಡುವು ಬೇಕು. ಆದರೆ ನಮ್ಮವರು ‘ಮಕ್ಕಳನ್ನು ಯಾರ ಹತ್ತಿರವೋ ಬಿಡೋದಾದ್ರೆ ಫ್ಯಾಮಿಲಿ ಟ್ರಿಪ್ ಅಂತ ಯಾಕೆ ಹೋಗ್ಬೇಕು’ ಅನ್ನುತ್ತಾರೆ. ಅತ್ತೆಯವರು ‘ನಾನಿಲ್ವಾ, ನಾನೇ ನೋಡ್ಕೋತೀನಿ’ ಅನ್ನುತ್ತಾರೆ. ಯಾವುದು ಸರಿ? ಆ ಕ್ಲಬ್‌ಗಳು ಸುರಕ್ಷಿತವೇ?

ಉತ್ತರ: ಮೊದಲು ನಿಮ್ಮ ಮಗನ ಡೈಪರ್ ವಿಷಯ ಮುಗಿಸೋಣ. ನೀವು ಯಾವ ಹಡಗು ಹತ್ತಬೇಕು ಅನ್ನೋದನ್ನು ತೀರ್ಮಾನ ಮಾಡುವುದು ಅದೇ. ಜಾಹೀರಾತಿನಲ್ಲಿ ಕಾಣುವ ಜಾರುಬಂಡೆ, ರೋಲರ್ ಕೋಸ್ಟರ್ ಎಲ್ಲ ಆಮೇಲಿನ ಮಾತು.

ಹೆಚ್ಚಿನ ಕಂಪನಿಗಳ ಕಿಡ್ಸ್ ಕ್ಲಬ್ ಶುರುವಾಗುವುದು 3 ವರ್ಷಕ್ಕೆ. ಬರೀ 3 ತುಂಬಿದರೆ ಸಾಲದು, ಮಗು ತಾನಾಗೇ ಟಾಯ್ಲೆಟ್‌ಗೆ ಹೋಗುವಂತಿರಬೇಕು. ರಾಯಲ್ ಕೆರಿಬಿಯನ್‌ನ ಅಡ್ವೆಂಚರ್ ಓಶನ್ ಇರಲಿ, ಡಿಸ್ನಿಯ ಓಶನೀರ್ ಕ್ಲಬ್ ಇರಲಿ, ಎರಡರಲ್ಲೂ ಇದೇ ನಿಯಮ. ಚಡ್ಡಿಯಂತೆ ಏರಿಸುವ ಪುಲ್-ಅಪ್ ಡೈಪರ್ ಹಾಕಿಕೊಂಡು ಬಂದರೂ ಒಳಗೆ ಬಿಡುವುದಿಲ್ಲ. 3 ವರ್ಷದ ಒಳಗಿನವರಿಗೆ ಈ ಎರಡೂ ಕಂಪನಿಗಳಲ್ಲಿ ನರ್ಸರಿ ಅಂತ ಬೇರೆ ಜಾಗ ಇದೆ. ಆರು ತಿಂಗಳು ತುಂಬಿದ ಕೂಸುಗಳನ್ನು ಅಲ್ಲಿ ತೆಗೆದುಕೊಳ್ಳುತ್ತಾರೆ. ಆದರೆ ಅದು ಪುಕ್ಕಟೆ ಅಲ್ಲ, ಗಂಟೆ ಲೆಕ್ಕದಲ್ಲಿ ದುಡ್ಡು. ಜಾಗವೂ ಕಡಿಮೆ, ಮೊದಲೇ ಬುಕ್ ಮಾಡಬೇಕು. ರಾಯಲ್ ಕೆರಿಬಿಯನ್‌ನ ಎಲ್ಲ ಹಡಗುಗಳಲ್ಲೂ ನರ್ಸರಿ ಇಲ್ಲ ಅನ್ನೋದನ್ನೂ ನೆನಪಿಡಿ.

ಕಾರ್ನಿವಲ್ ಕಂಪನಿ ಬೇರೆ ದಾರಿ ಹಿಡಿದಿದೆ. ಅವರ ಕ್ಯಾಂಪ್ ಓಶನ್ 2 ವರ್ಷಕ್ಕೇ ಶುರು. ಡೈಪರ್ ಇದ್ದರೂ ಸರಿ, ಅಲ್ಲಿಯ ಸಿಬ್ಬಂದಿಯೇ ಬದಲಾಯಿಸುತ್ತಾರೆ. ನೀವು ಡೈಪರ್, ವೈಪ್ಸ್, ಒಂದು ಜೊತೆ ಬಟ್ಟೆ ಇರುವ ಚೀಲ ಕೊಟ್ಟರಾಯಿತು. ಹಗಲಿನಲ್ಲಿ ಇದಕ್ಕೆ ಪ್ರತ್ಯೇಕ ಹಣವೂ ಇಲ್ಲ. ಎರಡೂವರೆ ವರ್ಷದ, ಡೈಪರ್ ಬಿಡದ ಮಗು ಇರುವ ಮನೆಗೆ ಇದೊಂದು ಅಂಶ ಬೇರೆಲ್ಲಕ್ಕಿಂತ ದೊಡ್ಡದು. ನಿಮ್ಮ ಅದೃಷ್ಟಕ್ಕೆ ಗ್ಯಾಲ್ವೆಸ್ಟನ್ ಕಾರ್ನಿವಲ್‌ನ ಹಳೆಯ ಬಂದರು. ಅವರ ದೊಡ್ಡ ಹಡಗುಗಳಲ್ಲಿ ಒಂದಾದ ಜುಬಿಲಿ 2023ರ ಡಿಸೆಂಬರ್‌ನಿಂದ ಅಲ್ಲಿಂದಲೇ ಹೊರಡುತ್ತಿದೆ. ರಾಯಲ್ ಕೆರಿಬಿಯನ್ 2022ರ ನವೆಂಬರ್‌ನಲ್ಲಿ ಅಲ್ಲೇ ತನ್ನದೇ ಟರ್ಮಿನಲ್ ತೆರೆದಿದೆ. ಡಿಸ್ನಿ ಹಡಗು ಅಲ್ಲಿಗೆ ಬರುವುದು ವರ್ಷದ ಕೆಲವು ತಿಂಗಳು ಮಾತ್ರ. ಯಾವ ಹಡಗು ಯಾವ ಸೀಸನ್‌ನಲ್ಲಿ ಅಂತ ಬದಲಾಗುತ್ತಿರುತ್ತದೆ. ಹಾಗಾಗಿ ಕಂಪನಿಯ ಹೆಸರು ನೋಡಿ ಬುಕ್ ಮಾಡಬೇಡಿ, ಹಡಗಿನ ಹೆಸರು ನೋಡಿ.

ಈಗಲೇ ಅವಸರದಲ್ಲಿ ಡೈಪರ್ ಬಿಡಿಸಿ, ಹೇಗೋ ಕ್ಲಬ್‌ಗೆ ಸೇರಿಸೋಣ ಅಂದುಕೊಳ್ಳುವವರಿದ್ದಾರೆ. ಬೇಡ. ಹೊಸ ಜಾಗ, ಹೊಸ ಮುಖ, ಅಲುಗಾಡುವ ನೆಲ. ಮನೆಯಲ್ಲಿ ಸರಿಯಾಗಿ ಹೇಳುವ ಮಗುವೂ ಅಲ್ಲಿ ಮರೆಯುತ್ತದೆ. ಮತ್ತೆ ಮತ್ತೆ ಹಾಗಾದರೆ ‘ದಯವಿಟ್ಟು ಕರೆದುಕೊಂಡು ಹೋಗಿ’ ಅಂತ ಕ್ಲಬ್‌ನಿಂದ ಕರೆ ಬರುತ್ತದೆ. ಮಗುವಿಗೂ ಅವಮಾನ, ನಿಮಗೂ ಬೇಜಾರು.

ಡೈಪರ್‌ಗೆ ಸಂಬಂಧಿಸಿದ ಇನ್ನೊಂದು ವಿಷಯವನ್ನು ಬುಕ್ ಮಾಡುವಾಗ ಯಾರೂ ಹೇಳುವುದಿಲ್ಲ. ಅಮೆರಿಕದ ಬಂದರುಗಳಿಗೆ ಬಂದುಹೋಗುವ ಹಡಗುಗಳಿಗೆ ಅಲ್ಲಿಯ ಆರೋಗ್ಯ ಇಲಾಖೆಯ ಸಿಡಿಸಿ ಸಂಸ್ಥೆ ನೈರ್ಮಲ್ಯದ ನಿಯಮ ಮಾಡಿದೆ. ಅದರ ಪ್ರಕಾರ ಡೈಪರ್ ಹಾಕುವ ಮಕ್ಕಳು ಹಡಗಿನ ಈಜುಕೊಳಕ್ಕೆ ಇಳಿಯುವಂತಿಲ್ಲ. ಸ್ವಿಮ್ ಡೈಪರ್ ಹಾಕಿದ್ದೇವೆ ಅಂದರೂ ಕೇಳುವುದಿಲ್ಲ. ಅಂಥ ಮಕ್ಕಳಿಗಾಗಿಯೇ ಬೇರೆ ನೀರಿನ ವ್ಯವಸ್ಥೆ ಮಾಡಿದ ಪುಟ್ಟ ಜಾಗ ಕೆಲವು ಹಡಗುಗಳಲ್ಲಿ ಇದೆ, ಕೆಲವುದರಲ್ಲಿ ಇಲ್ಲ. ಅಕ್ಕ ಕೊಳದಲ್ಲಿ ಕುಣಿಯುತ್ತಿರುವಾಗ ತಮ್ಮ ದಂಡೆಯಲ್ಲಿ ನಿಂತು ಅಳುವುದನ್ನು ನೋಡುವುದು ಕಷ್ಟ. ನಿಮ್ಮ ಹಡಗಿನಲ್ಲಿ ಆ ಜಾಗ ಇದೆಯಾ ಅಂತ ಕೇಳಿಕೊಳ್ಳಿ. ಇಲ್ಲದಿದ್ದರೆ ಅವನ ನೀರಾಟವನ್ನು ದಾರಿಯಲ್ಲಿ ಹಡಗು ನಿಲ್ಲುವ ಮೆಕ್ಸಿಕೋದ ಕೊಜುಮೆಲ್‌ನಂಥ ಬಂದರಿನ ಬೀಚಿಗೆ ಇಟ್ಟುಕೊಳ್ಳಿ. ಒಂದು ಬಕೆಟ್ಟು, ಒಂದು ಸಲಿಕೆ ಚೀಲದಲ್ಲಿದ್ದರೆ ಆಯಿತು. ಇನ್ನು ಕೊಳದ ಹತ್ತಿರ ಲೈಫ್‌ಗಾರ್ಡ್ ಎಲ್ಲ ಹಡಗಿನಲ್ಲೂ ಇರುವುದಿಲ್ಲ. ಇದ್ದರೂ ಮಗಳು ನೀರಿನಲ್ಲಿರುವಷ್ಟು ಹೊತ್ತು ನಿಮ್ಮಲ್ಲಿ ಒಬ್ಬರ ಕಣ್ಣು ಅವಳ ಮೇಲೇ ಇರಬೇಕು, ಫೋನಿನ ಮೇಲಲ್ಲ.

ಈಗ ನಿಮ್ಮ ಯಜಮಾನರ ಪ್ರಶ್ನೆಗೆ ಬರೋಣ. ಅವರ ಮಾತನ್ನು ನಾನು ತಳ್ಳಿಹಾಕುವುದಿಲ್ಲ. ಬೆಳಿಗ್ಗೆ ಬಾಗಿಲು ತೆರೆಯುವ ಹೊತ್ತಿಗೆ ಮಗುವನ್ನು ತಂದುಬಿಟ್ಟು, ರಾತ್ರಿ ಬಾಗಿಲು ಹಾಕುವ ಹೊತ್ತಿಗೆ ಬರುವ ಅಪ್ಪ-ಅಮ್ಮಂದಿರನ್ನು ಹಡಗಿನ ಮಕ್ಕಳ ವಿಭಾಗದಲ್ಲಿ ಕೆಲಸ ಮಾಡುವಾಗ ನಾನೇ ನೋಡಿದ್ದೇನೆ. ಎರಡನೇ ದಿನ ಆ ಮಗುವಿಗೆ ಆಟ ಬೇಡವಾಗುತ್ತದೆ, ಬಾಗಿಲ ಕಡೆಯೇ ನೋಡುತ್ತಿರುತ್ತದೆ. ಇನ್ನೊಂದು ಕಡೆ, ಕ್ಲಬ್ಬೇ ಬೇಡ ಅಂತ ಮಕ್ಕಳನ್ನು ಇಡೀ ದಿನ ಜೊತೆಯಲ್ಲೇ ಎಳೆದುಕೊಂಡು ಓಡಾಡುವವರೂ ಇದ್ದಾರೆ. ಮಧ್ಯಾಹ್ನ ಮೂರಕ್ಕೆ ಬಫೆ ಸಾಲಿನಲ್ಲಿ ನಿಂತು ಒಬ್ಬರ ಮೇಲೊಬ್ಬರು ರೇಗುತ್ತಿರುತ್ತಾರೆ. ಇಬ್ಬರಿಗೂ ಕೊನೆಗೆ ಸಿಗುವುದು ಒಂದೇ, ಸುಸ್ತು.

ಕ್ಲಬ್ ನಿಮ್ಮ ಅನುಕೂಲಕ್ಕೆ ಇರುವ ಜಾಗ ಅಂತ ಮಾತ್ರ ನೋಡಿದರೆ ಈ ಜಗಳ ಬಗೆಹರಿಯುವುದಿಲ್ಲ. 8 ವರ್ಷದ ನಿಮ್ಮ ಮಗಳ ಕಡೆಯಿಂದ ನೋಡಿ. ನಾಲ್ಕು ದೊಡ್ಡವರು, ಒಂದು ಪುಟ್ಟ ತಮ್ಮ. ಅವಳ ವಯಸ್ಸಿನವರು ಯಾರೂ ಇಲ್ಲ. ತಮ್ಮನ ನಿದ್ದೆ, ತಮ್ಮನ ಊಟ, ಅಜ್ಜಿಯ ಮಂಡಿ ನೋವು, ಎಲ್ಲದಕ್ಕೂ ಅವಳೇ ಕಾಯಬೇಕು. ಅವಳಿಗೆ ಎರಡು ಗಂಟೆ ತನ್ನದೇ ಗೆಳತಿಯರು, ತನ್ನದೇ ಆಟ ಸಿಕ್ಕರೆ ತಪ್ಪೇನು? ಕ್ಯಾಂಪ್ ಓಶನ್‌ನಲ್ಲಿ 2ರಿಂದ 5, 6ರಿಂದ 8, 9ರಿಂದ 11 ಅಂತ ಮೂರು ಗುಂಪು. ನಿಮ್ಮ ಮಗಳು ನಡುವಿನ ಗುಂಪಿಗೆ ಬರುತ್ತಾಳೆ. ಕುಣಿತ, ಬಣ್ಣದ ಕೆಲಸ, ಸಣ್ಣಪುಟ್ಟ ವಿಜ್ಞಾನದ ಪ್ರಯೋಗ, ಸುಳಿವು ಹಿಡಿದು ವಸ್ತು ಹುಡುಕುವ ಆಟ, ಹೀಗೆ ಗಂಟೆಗೊಂದು ಕಾರ್ಯಕ್ರಮ ಇರುತ್ತದೆ. ಆ ದಿನದ ಪಟ್ಟಿಯನ್ನು ಹಿಂದಿನ ರಾತ್ರಿಯೇ ಅವಳ ಕೈಗೆ ಕೊಡಿ. ಯಾವುದಕ್ಕೆ ಹೋಗಬೇಕು ಅಂತ ಅವಳೇ ಪೆನ್ನಿನಲ್ಲಿ ಗುರುತು ಹಾಕಲಿ. ಅವಳು ಗುರುತು ಹಾಕದ ಹೊತ್ತು ನಿಮ್ಮೆಲ್ಲರದ್ದು. ನಾನು ಕಂಡ ಮಟ್ಟಿಗೆ ಮಕ್ಕಳನ್ನು ಕ್ಲಬ್‌ಗೆ ‘ಕಳಿಸುವುದಕ್ಕೂ’ ಮಕ್ಕಳೇ ‘ಹೋಗುವುದಕ್ಕೂ’ ಇರುವ ವ್ಯತ್ಯಾಸ ಈ ಪೆನ್ನಿನ ಗುರುತಿನಲ್ಲಿದೆ.

ಒಂದು ಎಚ್ಚರಿಕೆ. ಅಕ್ಕ-ತಮ್ಮ ಒಂದೇ ಕೋಣೆಯಲ್ಲಿ ಇರುವುದಿಲ್ಲ. ‘ಅಕ್ಕ ಇರ್ತಾಳೆ, ಹೆದರಬೇಡ’ ಅಂತ ಮಗನಿಗೆ ಹೇಳಿಬಿಟ್ಟರೆ, ಬಾಗಿಲಲ್ಲಿ ಅವಳನ್ನು ಬೇರೆ ಕಡೆ ಕರೆದುಕೊಂಡು ಹೋದ ಕೂಡಲೇ ಅವನು ಕಿರುಚುತ್ತಾನೆ. ಗುಂಪು ಯಾವುದು ಅನ್ನುವುದು ಹಡಗು ಹತ್ತುವ ದಿನದ ವಯಸ್ಸಿನ ಮೇಲೆ. ಮಾರ್ಚ್‌ನಲ್ಲಿ ಮಗಳಿಗೆ 9 ತುಂಬುವುದಿದ್ದರೆ ಗುಂಪೂ ಬದಲಾದೀತು, ನೋಡಿಕೊಳ್ಳಿ.

ಸುರಕ್ಷತೆ ಬಗ್ಗೆ ಕೇಳಿದ್ದೀರಿ. ಹಡಗು ಹತ್ತಿದ ಮಧ್ಯಾಹ್ನವೇ ಕ್ಲಬ್‌ನಲ್ಲಿ ಓಪನ್ ಹೌಸ್ ಇರುತ್ತದೆ. ದೊಡ್ಡವರು ಒಳಗೆ ಬಂದು ಎಲ್ಲ ನೋಡಲು ಸಾಮಾನ್ಯವಾಗಿ ಬಿಡುವುದು ಆಗ ಮಾತ್ರ. ಆಮೇಲೆ ಅಪ್ಪ-ಅಮ್ಮಂದಿರೂ ಹೊಸ್ತಿಲ ಆಚೆಯೇ. ಅದೇ ಒಂದು ಒಳ್ಳೆಯ ಲಕ್ಷಣ ಅನ್ನಿ, ಯಾರು ಯಾರೋ ಒಳಗೆ ಬರಲಾಗದು. ಜನ ಮಾಡುವ ತಪ್ಪೆಂದರೆ ಆ ಹೊತ್ತಿಗೆ ಬಫೆಯಲ್ಲಿ ಕೂತಿರುವುದು. ಬಫೆ ರಾತ್ರಿಗೂ ಇರುತ್ತದೆ. ನೀವು ಓಪನ್ ಹೌಸ್‌ಗೆ ಎಲ್ಲರೂ ಹೋಗಿ, ಅತ್ತೆಯವರನ್ನೂ ಕರೆದುಕೊಂಡು ಹೋಗಿ. ಅವರ ಅರ್ಧ ಆತಂಕ ಅಲ್ಲೇ ಇಳಿಯುತ್ತದೆ.

ಅಲ್ಲಿ ಏನೇನಾಗುತ್ತದೆ ಹೇಳುತ್ತೇನೆ. ಸೊಂಟದೆತ್ತರದ ಮೇಜು, ಅದರ ಹಿಂದೆ ಕಂಪ್ಯೂಟರ್. ಒಂದು ಫಾರಂ ಕೊಡುತ್ತಾರೆ, ಅಥವಾ ಮನೆಯಲ್ಲೇ ಆನ್‌ಲೈನ್‌ನಲ್ಲಿ ತುಂಬಿರುತ್ತೀರಿ. ಮಗುವಿಗೆ ಯಾವ ಆಹಾರ ಆಗುವುದಿಲ್ಲ, ಔಷಧಿ ಏನು, ಯಾವುದಕ್ಕೆ ಹೆದರುತ್ತದೆ, ಯಾರು ಯಾರು ಕರೆದುಕೊಂಡು ಹೋಗಬಹುದು. ಈ ಕೊನೆಯ ಸಾಲಿನಲ್ಲಿ ಅತ್ತೆ-ಮಾವನ ಹೆಸರು ಬರೆಸುವುದನ್ನು ಮರೆಯಬೇಡಿ. ಬರೆಸದಿದ್ದರೆ ಸ್ವಂತ ಅಜ್ಜಿ ಬಂದು ನಿಂತರೂ ಮಗುವನ್ನು ಕೊಡುವುದಿಲ್ಲ. ಹಾಗೆ ವಾಪಸ್ ಕಳಿಸಿದ ಅಜ್ಜಿಯರ ಕೋಪ ನನಗೆ ಗೊತ್ತು! ಮಗುವಿನ ಕೈಗೆ ಬ್ಯಾಂಡ್ ಹಾಕುತ್ತಾರೆ. ಬಿಡುವಾಗ ಸಹಿ ಅಥವಾ ಕಾರ್ಡ್, ಕರೆದೊಯ್ಯುವಾಗ ಮತ್ತೆ ಅದೇ. ಕೆಲವು ಕಡೆ ಗುಟ್ಟಿನ ಪದವನ್ನೂ ಕೇಳುತ್ತಾರೆ. ಕನ್ನಡದ ಪದ ಇಟ್ಟುಕೊಂಡರೆ ಪಕ್ಕದವರು ಕೇಳಿಸಿಕೊಂಡರೂ ನಾಲಿಗೆ ತಿರುಗುವುದಿಲ್ಲ, ಆದರೆ ಮೇಜಿನ ಹಿಂದಿನವರಿಗೂ ತಿರುಗಬೇಕಲ್ಲ, ಚಿಕ್ಕದಿರಲಿ.

8-9 ವರ್ಷ ದಾಟಿದ ಮಕ್ಕಳು ತಾವೇ ಸಹಿ ಮಾಡಿ ಹೊರಗೆ ಹೋಗಬಹುದು ಅನ್ನುವ ಆಯ್ಕೆ ಕೆಲವು ಕಂಪನಿಗಳಲ್ಲಿದೆ, ಅಪ್ಪ-ಅಮ್ಮ ಒಪ್ಪಿದರೆ. ನಿಮ್ಮ ಮಗಳು ಕೇಳಿಯೇ ಕೇಳುತ್ತಾಳೆ, ಪಕ್ಕದ ಹುಡುಗಿಗೆ ಕೊಟ್ಟಿದ್ದಾರೆ ಅಂತ. ಈ ಸಲ ಬೇಡ ಅನ್ನಿ. ಜುಬಿಲಿಯಂಥ ಹಡಗಿನಲ್ಲಿ 5,000ಕ್ಕೂ ಜಾಸ್ತಿ ಪ್ರಯಾಣಿಕರು. ಉದ್ದುದ್ದ ಕಾರಿಡಾರ್, ಎಲ್ಲ ಬಾಗಿಲೂ ಒಂದೇ ತರಹ. ದೊಡ್ಡವರೇ ಎರಡು ದಿನ ದಾರಿ ತಪ್ಪುತ್ತಾರೆ.

ಓಪನ್ ಹೌಸ್‌ನಲ್ಲಿ ಈ ಒಂದು ಪ್ರಶ್ನೆಯನ್ನು ತಪ್ಪದೆ ಕೇಳಿ: ‘ತುರ್ತು ಗಂಟೆ ಹೊಡೆದಾಗ ಮಗು ಇಲ್ಲಿದ್ದರೆ ನಾವು ಇಲ್ಲಿಗೆ ಓಡಿಬರಬೇಕಾ, ಇಲ್ಲ ನೀವೇ ಕರೆದುಕೊಂಡು ಬರುತ್ತೀರಾ? ಎಲ್ಲಿಗೆ?’ ಇದರ ಉತ್ತರ ಹಡಗಿನಿಂದ ಹಡಗಿಗೆ ಬೇರೆ. ಮಗುವಿನ ಬ್ಯಾಂಡ್ ಮೇಲೆ ಮಸ್ಟರ್ ಸ್ಟೇಷನ್, ಅಂದರೆ ತುರ್ತಿನಲ್ಲಿ ಸೇರಬೇಕಾದ ಜಾಗದ ಗುರುತು ಹಾಕುವುದು ಇದಕ್ಕಾಗಿಯೇ. ಏಳು ಚಿಕ್ಕ ಸದ್ದು, ಒಂದು ಉದ್ದನೆಯ ಸದ್ದು ಬಂದರೆ ತುರ್ತು ಪರಿಸ್ಥಿತಿ ಅಂತ ಅರ್ಥ. ಹತ್ತಿದ ದಿನ ನಡೆಯುವ ಇದರ ಅಭ್ಯಾಸ, ಮಸ್ಟರ್ ಡ್ರಿಲ್ ಅನ್ನು ಕಾಟಾಚಾರಕ್ಕೆ ಮುಗಿಸಬೇಡಿ. 2012ರ ಜನವರಿಯಲ್ಲಿ ಇಟಲಿಯ ಹತ್ತಿರ ಕೋಸ್ಟಾ ಕಾಂಕೋರ್ಡಿಯಾ ಬಂಡೆಗೆ ಬಡಿದು 32 ಜನ ಸತ್ತರು. ಅಂದೇ ಹತ್ತಿದ್ದ ಪ್ರಯಾಣಿಕರಿಗೆ ಆಗಿನ್ನೂ ಡ್ರಿಲ್ಲೇ ಆಗಿರಲಿಲ್ಲ. ಆಮೇಲೆ ಅಂತರರಾಷ್ಟ್ರೀಯ ನಿಯಮ ಬದಲಾಯಿತು. 2015ರಿಂದ ಹಡಗು ಹೊರಡುವ ಮುಂಚೆ ಅಥವಾ ಹೊರಟ ಕೂಡಲೇ ಡ್ರಿಲ್ ಆಗಲೇಬೇಕು. ಮಗಳನ್ನು ಸ್ಟೇಷನ್‌ವರೆಗೆ ನಡೆಸಿಕೊಂಡು ಹೋಗಿ ತೋರಿಸಿ. ಕ್ಯಾಬಿನ್‌ನಲ್ಲಿ ಮಗನ ಅಳತೆಯ ಲೈಫ್ ಜಾಕೆಟ್ ಇದೆಯಾ ನೋಡಿ, ಇಲ್ಲದಿದ್ದರೆ ಕ್ಯಾಬಿನ್ ನೋಡಿಕೊಳ್ಳುವ ಸ್ಟೀವರ್ಡ್‌ಗೆ ಹೇಳಿ, ತಂದುಕೊಡುತ್ತಾರೆ.

ಮಗನ ವಿಷಯದಲ್ಲಿ ಮೊದಲ ದಿನ ಜಾಸ್ತಿ ಆಸೆ ಇಟ್ಟುಕೊಳ್ಳಬೇಡಿ. ಎರಡೂವರೆ ವರ್ಷದವನು ಬಾಗಿಲಲ್ಲಿ ಅಳುತ್ತಾನೆ. ಅಳಲಿ ಅಂತ ಬಿಟ್ಟು ಕದ್ದು ಓಡಬೇಡಿ. ‘ಅಮ್ಮ ಕಾಫಿ ಕುಡಿದು ಬರ್ತಾಳೆ’ ಅಂತ ಅವನ ಮುಖ ನೋಡಿ ಹೇಳಿ, ಮುಕ್ಕಾಲು ಗಂಟೆಗೆ ನಿಜವಾಗಿಯೂ ಬನ್ನಿ. ಮಾರನೇ ದಿನ ಒಂದೂವರೆ ಗಂಟೆ. ಬಿಡುವ ಹೊತ್ತು ಹೊಟ್ಟೆ ತುಂಬಿರಬೇಕು, ನಿದ್ದೆ ಆಗಿರಬೇಕು. ಅವನು ಕನ್ನಡದಲ್ಲೇ ಜಾಸ್ತಿ ಮಾತಾಡುವವನಾದರೆ ನೀರು, ಹಸಿವು, ನೋವು, ಸುಸ್ಸು, ಇಂಥ ಐದಾರು ಮಾತಿಗೆ ಅವನು ಏನು ಹೇಳುತ್ತಾನೆ ಅಂತ ಇಂಗ್ಲಿಷ್ ಅಕ್ಷರದಲ್ಲಿ ಒಂದು ಚೀಟಿ ಬರೆದು ಚೀಲಕ್ಕೆ ಪಿನ್ ಮಾಡಿ. ಸಿಬ್ಬಂದಿಗೆ ಅದರಷ್ಟು ಉಪಕಾರದ ಕಾಗದ ಇನ್ನೊಂದಿಲ್ಲ. ಮೂರು ದಿನವಾದರೂ ಅಳು ನಿಲ್ಲದಿದ್ದರೆ ಕ್ಲಬ್ ಬಿಟ್ಟುಬಿಡಿ. ಹಣವೇನೂ ಕಟ್ಟಿಲ್ಲವಲ್ಲ.

ಜ್ವರ, ವಾಂತಿ, ಭೇದಿ ಇದ್ದರೆ ಕ್ಲಬ್‌ಗೆ ಸೇರಿಸುವುದಿಲ್ಲ, ಮುಚ್ಚಿಟ್ಟು ಬಿಡಲೂ ಬಾರದು. ಹಡಗಿನಲ್ಲಿ ವಾಂತಿ-ಭೇದಿ ತರುವ ನೋರೋವೈರಸ್ ಹಬ್ಬಿದರೆ ಬೇಗ ಹಬ್ಬುತ್ತದೆ. ಸ್ಯಾನಿಟೈಸರ್ ಅದಕ್ಕೆ ಸಾಲದು, ಸೋಪು ನೀರಿನಲ್ಲೇ ಕೈ ತೊಳೆಯಬೇಕು. ಕ್ಲಬ್‌ನಿಂದ ಬಂದ ಕೂಡಲೇ, ಊಟಕ್ಕೆ ಕೂರುವ ಮುಂಚೆ, ಇಬ್ಬರ ಕೈಯನ್ನೂ ತೊಳೆಸಿ.

ಈಗ ಅತ್ತೆಯವರು. ಇದನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು. ‘ನಾನೇ ನೋಡ್ಕೋತೀನಿ’ ಅನ್ನುವುದು ಅವರ ಪ್ರೀತಿ. ಅದನ್ನು ಹಾಗೇ ಒಪ್ಪಿಕೊಂಡರೆ ಏನಾಗುತ್ತದೆ ಗೊತ್ತಾ? ಏಳೂ ರಾತ್ರಿ ಅತ್ತೆ-ಮಾವ ಕ್ಯಾಬಿನ್‌ನಲ್ಲಿ ಮಲಗಿದ ಮಗುವನ್ನು ಕಾಯುತ್ತಾ ಕೂರುತ್ತಾರೆ, ನೀವಿಬ್ಬರು ಷೋ ನೋಡಿ ಬರುತ್ತೀರಿ. ಅವರು ಹಾಸನದಿಂದ ಅಷ್ಟು ದೂರ ಬಂದು ನೋಡಿದ್ದು ಕ್ಯಾಬಿನ್ ಗೋಡೆ. ಬಾಯಿಬಿಟ್ಟು ಹೇಳುವುದಿಲ್ಲ, ಆದರೆ ಊರಿಗೆ ಹೋಗಿ ತಂಗಿಯ ಹತ್ತಿರ ಹೇಳಿಯೇ ಹೇಳುತ್ತಾರೆ, ಅಲ್ವಾ? ಹಾಗಾಗಿ ನನ್ನ ಸಲಹೆ: ಮಗುವನ್ನು ಕಾಯುವ ಕೆಲಸವನ್ನು ಅವರಿಗೆ ಒಂದು ಸಂಜೆ ಮಾತ್ರ ಕೊಡಿ, ಅದೂ ಯಾವ ದಿನ ಅಂತ ಅವರನ್ನೇ ಕೇಳಿ. ಉಳಿದ ದಿನ ನೀವು, ನಿಮ್ಮ ಯಜಮಾನರು ಸರದಿ ಮಾಡಿಕೊಳ್ಳಿ. ರಾತ್ರಿ ಹತ್ತರ ನಂತರವೂ ಕ್ಲಬ್‌ನಲ್ಲಿ ನೋಡಿಕೊಳ್ಳುವ ವ್ಯವಸ್ಥೆ ಇದೆ, ಅದಕ್ಕೆ ಗಂಟೆಗಿಷ್ಟು ಅಂತ ಹಣ. ಒಂದು ರಾತ್ರಿಗೆ ಪರವಾಗಿಲ್ಲ. ದಿನಾ ಅಷ್ಟು ಹೊತ್ತು ಎಚ್ಚರ ಇಟ್ಟರೆ ಮಾರನೇ ದಿನ ಮಗು ಯಾರ ಕೈಗೂ ಸಿಗುವುದಿಲ್ಲ.

ಕ್ಯಾಬಿನ್ ಬಗ್ಗೆ ಇಲ್ಲೇ ಹೇಳಿಬಿಡುತ್ತೇನೆ. ಆರು ಜನಕ್ಕೆ ಎರಡು ಕ್ಯಾಬಿನ್ ಬೇಕು. ಒಳಗಿನಿಂದಲೇ ನಡುವೆ ಬಾಗಿಲಿರುವ ಕನೆಕ್ಟಿಂಗ್ ಕ್ಯಾಬಿನ್ ಕೇಳಿ. ಅಕ್ಕಪಕ್ಕದ ಕ್ಯಾಬಿನ್ ಅಂದರೆ ಅದೇ ಅಲ್ಲ. ಮಗನಿಗೆ ತೊಟ್ಟಿಲಿನಂಥ ಮಡಚುವ ಕ್ರಿಬ್ ಬೇಕು ಅಂತ ಮೊದಲೇ ಹೇಳಿಡಿ, ಗೋಡೆಯಿಂದ ಇಳಿಸುವ ಮೇಲಿನ ಮಂಚ ಅವನಿಗೆ ಆಗದು. ಮಧ್ಯಾಹ್ನ ಅವನು ಮಲಗಿದಾಗ ಯಾರಾದರೂ ಒಬ್ಬರು ಒಳಗೇ ಇರಬೇಕಲ್ಲ, ಅದಕ್ಕೇ ಒಂದಾದರೂ ಬಾಲ್ಕನಿ ಕ್ಯಾಬಿನ್ ಇರಲಿ ಅನ್ನುತ್ತೇನೆ. ಕಿಟಕಿಯಿಲ್ಲದ ಕ್ಯಾಬಿನ್ ಅಗ್ಗ, ಆದರೆ ಕತ್ತಲಲ್ಲಿ ಎರಡು ಗಂಟೆ ಸುಮ್ನೆ ಕೂರುವುದು ಶಿಕ್ಷೆ. ಅಮೆರಿಕದ 2010ರ ಹಡಗು ಸುರಕ್ಷತೆಯ ಕಾಯ್ದೆ ಪ್ರಕಾರ ಕಂಬಿ ಕಟಕಟೆ ಕನಿಷ್ಠ 42 ಇಂಚು ಇರಬೇಕು, ಅಂದರೆ ಮೂರೂವರೆ ಅಡಿ. ಎರಡೂವರೆ ವರ್ಷದವನ ತಲೆಗಿಂತ ಎತ್ತರ. ಆದರೆ ಕುರ್ಚಿ ಹತ್ತಿದರೆ ಆ ಲೆಕ್ಕ ಮುಗಿಯಿತು. ಕುರ್ಚಿಗಳನ್ನು ಕಂಬಿಯಿಂದ ದೂರ ಇಡಿ, ಬಾಲ್ಕನಿ ಬಾಗಿಲಿನ ಚಿಲಕ ಯಾವಾಗಲೂ ಹಾಕಿರಲಿ.

ಹಾಗಾದರೆ ಎಲ್ಲರೂ ಸೇರುವುದು ಯಾವಾಗ? ಹಡಗಿನಲ್ಲಿ ಕುಟುಂಬ ತಾನಾಗೇ ಒಟ್ಟಿಗಿರುತ್ತದೆ ಅಂದುಕೊಳ್ಳುವುದೇ ಮೋಸ ಹೋಗುವ ಜಾಗ. ಒಬ್ಬರು ಜಿಮ್, ಒಬ್ಬರು ಟ್ರಿವಿಯಾ ಕ್ವಿಜ್, ಮಾವ ಎಲ್ಲೋ ಡೆಕ್ ಮೇಲೆ. ಫೋನೂ ಸರಿಯಾಗಿ ಸಿಗುವುದಿಲ್ಲ. ದಿನಕ್ಕೆ ಒಂದು ಹೊತ್ತು ಮಾತ್ರ ಗಟ್ಟಿ ಮಾಡಿ: ರಾತ್ರಿ ಊಟ. ಬೇರೆ ಏನೇ ತಪ್ಪಿದರೂ ಅದು ತಪ್ಪಬಾರದು. ಬುಕ್ ಮಾಡುವಾಗ ಸಂಜೆ ಆರರ ಆಸುಪಾಸಿನ ಮೊದಲ ಪಂಕ್ತಿಯನ್ನೇ ಆರಿಸಿ. ಎಂಟು ಗಂಟೆಯ ಪಂಕ್ತಿಗೆ ನಿಮ್ಮ ಮಗ ಎಚ್ಚರ ಇರುವುದಿಲ್ಲ, ಇದ್ದರೆ ಇನ್ನೂ ಕಷ್ಟ. ಯಾವಾಗ ಬೇಕಾದರೂ ಬನ್ನಿ ಅನ್ನುವ ಆಯ್ಕೆ ಇರುತ್ತದೆ, ಆದರೆ ಅದರಲ್ಲಿ ದಿನಾ ಹೊಸ ಮೇಜು, ಹೊಸ ಬಡಿಸುವವರು ಬರಬಹುದು. ಹೊತ್ತು ನಿಗದಿಯಾದರೆ ಅದೇ ಮೇಜು, ಅದೇ ಜನ. ಎರಡನೇ ದಿನಕ್ಕೆ ಅವರಿಗೆ ಮಾವನಿಗೆ ಖಾರ ಬೇಕು, ಪುಟ್ಟನಿಗೆ ಮೊದಲು ಬಡಿಸಬೇಕು ಅನ್ನುವುದು ಗೊತ್ತಾಗಿರುತ್ತದೆ. ಡಿಸ್ನಿಯಲ್ಲಿ ಊಟದ ಹಾಲ್ ದಿನಕ್ಕೊಂದು ಬದಲಾದರೂ ಬಡಿಸುವವರು ನಿಮ್ಮ ಜೊತೆಗೇ ಬರುತ್ತಾರೆ, ಅದೊಂದು ಒಳ್ಳೆಯ ಪದ್ಧತಿ.

ಮುಖ್ಯ ಊಟದ ಹಾಲ್‌ನಲ್ಲಿ ಊಟ ಮುಗಿಯಲು ಒಂದೂವರೆ ಗಂಟೆ ಬೇಕು. ಪುಟ್ಟ ಮಕ್ಕಳಿಗೆ ಅಷ್ಟು ತಾಳ್ಮೆ ಇಲ್ಲ. ಕೂತ ಕೂಡಲೇ ‘ಮಗುವಿನ ತಟ್ಟೆ ಮೊದಲು’ ಅನ್ನಿ. ದೊಡ್ಡವರಿಗೆ ಮುಖ್ಯ ಊಟ ಬರುವ ಹೊತ್ತಿಗೆ ಅವನದು ಮುಗಿದಿರುತ್ತದೆ, ನಿಮ್ಮಲ್ಲಿ ಒಬ್ಬರು ಅವನನ್ನು ಡೆಕ್ ಮೇಲೆ ಒಂದು ಸುತ್ತು ಹಾಕಿಸಿ ಬರಬಹುದು. ಆದರೆ ಮಗಳನ್ನು ಊಟದ ಮಧ್ಯೆ ಕ್ಲಬ್‌ಗೆ ಕಳಿಸಬೇಡಿ. ಊಟದ ನಡುವೆ ಬಂದು ಮಕ್ಕಳನ್ನು ಕರೆದೊಯ್ಯುವ ಅನುಕೂಲ ಡಿಸ್ನಿಯ ತಡವಾದ ಪಂಕ್ತಿಯಲ್ಲಿದೆ. ದಂಪತಿಗಳಿಗೆ ಹಿತ, ನಿಜ. ಆದರೆ ನಿಮಗೆ ಬೇಕಾದದ್ದು ಅಜ್ಜಿ-ತಾತನ ಜೊತೆ ಮೊಮ್ಮಗಳು ಕೂತು ಆ ದಿನ ಏನು ಮಾಡಿದೆ ಅಂತ ಹೇಳುವ ಹೊತ್ತು. ಅದನ್ನೇ ಕತ್ತರಿಸಿದರೆ ಹೇಗೆ?

ಊಟದ ಮಾತು ಬಂದಾಗ ಸಸ್ಯಾಹಾರದ ಚಿಂತೆ ಬೇಡ. ಬಡಿಸುವವರಲ್ಲಿ, ಅಡುಗೆಯವರಲ್ಲಿ ನಮ್ಮ ದೇಶದವರು ಬಹಳ ಜನ ಇರುತ್ತಾರೆ. ಗೋವಾ, ಮುಂಬೈ, ನಮ್ಮ ಮಂಗಳೂರು ಕಡೆಯವರು. ಅತ್ತೆ ತುಳುವಿನಲ್ಲೋ ಕನ್ನಡದಲ್ಲೋ ಮಾತಾಡುವವರನ್ನು ಹುಡುಕಿಬಿಟ್ಟರೆ ಮಿಕ್ಕ ಆರು ದಿನ ನಿಮ್ಮ ಮೇಜಿಗೆ ರಾಜೋಪಚಾರ. ಮೊದಲ ರಾತ್ರಿಯೇ ಹೆಡ್ ವೇಟರ್‌ಗೆ ‘ದಿನಾ ಇಂಡಿಯನ್ ವೆಜಿಟೇರಿಯನ್ ಬೇಕು, ಮೊಟ್ಟೆ ಇಲ್ಲದೆ’ ಅಂತ ಹೇಳಿಡಿ, ಮಾರನೇ ದಿನದಿಂದ ಬಿಸಿ ಬಿಸಿ ಪಲ್ಯ, ದಾಲ್ ಬರುತ್ತದೆ. ಮಗನಿಗೆ ಅನ್ನ ಸಿಗುತ್ತದೆ, ಬೆಳಗಿನ ಬಫೆಯಲ್ಲಿ ಸಪ್ಪೆ ಮೊಸರೂ ಸಿಗುತ್ತದೆ. ಚಟ್ನಿಪುಡಿ, ಅಂಗಡಿಯ ಸೀಲ್ ಇರುವ ಉಪ್ಪಿನಕಾಯಿ ಪ್ಯಾಕೆಟ್ ತನ್ನಿ. ಮನೆಯಲ್ಲಿ ಮಾಡಿದ ಚಪಾತಿ-ಪಲ್ಯದ ಡಬ್ಬಿ ಒಳಗೆ ಬಿಡುವುದಿಲ್ಲ. ಪುಟ್ಟ ರೈಸ್ ಕುಕ್ಕರ್, ಬಿಸಿನೀರಿನ ಕೆಟಲ್ ಅಂತೂ ಬೇಡವೇ ಬೇಡ. ಬೆಂಕಿಯ ಭಯಕ್ಕೆ ಬಿಸಿ ಮಾಡುವ ಯಾವ ಸಾಮಾನೂ ಕ್ಯಾಬಿನ್‌ಗೆ ನಿಷೇಧ, ಸ್ಕ್ಯಾನ್‌ನಲ್ಲಿ ಹಿಡಿದು ತೆಗೆದಿಟ್ಟುಕೊಳ್ಳುತ್ತಾರೆ.

ಏಳು ರಾತ್ರಿಯ ಪ್ರಯಾಣದಲ್ಲಿ ಕೊಜುಮೆಲ್, ಕೋಸ್ಟಾ ಮಾಯಾ, ರೊಆಟಾನ್ ಹೀಗೆ ಮೂರು ಬಂದರು ಇದ್ದರೆ, ಮೂರು ದಿನ ಪೂರ್ತಿ ಸಮುದ್ರದಲ್ಲೇ. ಕ್ಲಬ್‌ಗೆ ಬಿಡುವುದಾದರೆ ಆ ಸಮುದ್ರದ ದಿನಗಳಲ್ಲಿ ಬಿಡಿ. ಬಂದರಿನ ದಿನ ಮಕ್ಕಳನ್ನು ಹಡಗಿನಲ್ಲಿ ಬಿಟ್ಟು ದೊಡ್ಡವರು ಮಾತ್ರ ಇಳಿಯಲು ಹಲವು ಕಂಪನಿಗಳು ಅವಕಾಶ ಕೊಡುತ್ತವೆ. ನನಗೆ ಮನಸ್ಸಿಲ್ಲ. ದಡದ ಟ್ಯಾಕ್ಸಿ ತಡವಾದರೆ ಹಡಗು ಕಾಯುವುದಿಲ್ಲ, ಮಗು ಒಳಗೆ, ನೀವು ಹೊರಗೆ. ಆರೂ ಜನ ಇಳಿಯಿರಿ, ಹತ್ತಿರದ ಬೀಚಿಗೆ ಹೋಗಿ, ಮಧ್ಯಾಹ್ನಕ್ಕೆ ವಾಪಸ್ ಬನ್ನಿ. ಮಾವ ಇಳಿಯುವುದಿಲ್ಲ ಅಂದರೆ ಒತ್ತಾಯ ಬೇಡ. ಎಲ್ಲರೂ ದಡಕ್ಕೆ ಹೋದ ದಿನ ಹಡಗು ಖಾಲಿ, ಅವರಿಗೆ ಅದೇ ಸ್ವರ್ಗ.

ಎಲ್ಲರೂ ಸೇರಿ ನೋಡಬೇಕಾದ ಒಂದು ಹೊತ್ತು ಮೊದಲ ದಿನವೇ ಇದೆ, ಹೆಚ್ಚಿನವರು ಅದನ್ನು ಸೂಟ್‌ಕೇಸ್ ಬಿಚ್ಚುತ್ತಾ ಕಳೆದುಕೊಳ್ಳುತ್ತಾರೆ. ಗ್ಯಾಲ್ವೆಸ್ಟನ್‌ನಿಂದ ಹೊರಟ ಹಡಗು ಸಮುದ್ರ ಸೇರುವ ಮುಂಚೆ ಕಾಲುವೆಯಲ್ಲಿ ನಿಧಾನ ಸಾಗುತ್ತದೆ. ಅಲ್ಲಿ ಡಾಲ್ಫಿನ್‌ಗಳಿವೆ. ಹಡಗಿನ ಮುಂದೆ, ಪಕ್ಕದಲ್ಲಿ ಬೆನ್ನು ಕಾಣಿಸಿ ಮುಳುಗುತ್ತವೆ. ಮೇಲಿನ ಡೆಕ್‌ನಲ್ಲಿ ಸಂಗೀತ, ಗದ್ದಲ. ಅಲ್ಲಿಗೆ ಹೋಗಬೇಡಿ, ಕೆಳಗಿನ ಡೆಕ್‌ನ ಕಂಬಿ ಹತ್ತಿರವೋ ನಿಮ್ಮ ಬಾಲ್ಕನಿಯಲ್ಲೋ ನಿಲ್ಲಿ. ಡಾಲ್ಫಿನ್ ಸಿಗದಿದ್ದರೂ ಪೆಲಿಕನ್ ಹಕ್ಕಿಗಳಂತೂ ಸಿಗುತ್ತವೆ.

ನಿಮಗೆ ಬಿಡುವು ಬೇಕು ಅಂದಿರಿ, ಅದನ್ನು ಸಂಕೋಚದಿಂದ ಹೇಳಿದ ಹಾಗಿತ್ತು. ಸಂಕೋಚ ಯಾಕೆ? ಸಮುದ್ರದ ದಿನ ಬೆಳಿಗ್ಗೆ ಎರಡು ಗಂಟೆ ನಿಮ್ಮದು, ಮಧ್ಯಾಹ್ನ ಎರಡು ಗಂಟೆ ನಿಮ್ಮ ಯಜಮಾನರದು ಅಂತ ಹಂಚಿಕೊಳ್ಳಿ. ಮಕ್ಕಳಿಗೆ ಪ್ರವೇಶವಿಲ್ಲದ ಶಾಂತ ಡೆಕ್ ಹೆಚ್ಚಿನ ಹಡಗುಗಳಲ್ಲಿದೆ. ಕಾರ್ನಿವಲ್‌ನಲ್ಲಿ ಅದರ ಹೆಸರು ಸೆರೆನಿಟಿ, ರಾಯಲ್ ಕೆರಿಬಿಯನ್‌ನಲ್ಲಿ ಸೊಲೇರಿಯಮ್. ಒಂದು ಪುಸ್ತಕ ಹಿಡಿದು ಹೋಗಿ ಕೂರಿ. ಕ್ಲಬ್‌ನವರಿಗೆ ಬೇಕಾದರೆ ನಿಮ್ಮನ್ನು ಹೇಗೆ ಸಂಪರ್ಕಿಸುತ್ತಾರೆ ಅಂತ ಮೊದಲೇ ಕೇಳಿಡಿ. ಕೆಲವು ಹಡಗುಗಳಲ್ಲಿ ಆ್ಯಪ್‌ನಲ್ಲೇ ಸಂದೇಶ, ಕೆಲವುದರಲ್ಲಿ ಅವರೇ ಕೊಡುವ ಪುಟ್ಟ ಫೋನ್. ನಿಮ್ಮ ಫೋನ್ ಮಾತ್ರ ಏರೋಪ್ಲೇನ್ ಮೋಡ್‌ನಲ್ಲಿರಲಿ, ಹಡಗಿನ ರೋಮಿಂಗ್ ಬಿಲ್ ನೋಡಿದರೆ ಎದೆ ಒಡೆಯುತ್ತದೆ.

ಕೊನೆಗೆ ಕಾಗದಪತ್ರ. ಹಡಗು ಟೆಕ್ಸಾಸ್‌ಗೇ ವಾಪಸ್ ಬರುತ್ತದೆ, ಆದರೂ ನೀವು ಅಮೆರಿಕದಿಂದ ಹೊರಗೆ ಹೋಗಿ ಮತ್ತೆ ಒಳಗೆ ಬಂದ ಹಾಗೆಯೇ ಲೆಕ್ಕ. ಅತ್ತೆ-ಮಾವನ ವೀಸಾ ಒಂದಕ್ಕಿಂತ ಹೆಚ್ಚು ಸಲ ಪ್ರವೇಶಕ್ಕೆ ಅವಕಾಶ ಇರುವುದೇ, ವಾಪಸ್ ಬರುವ ದಿನಕ್ಕೆ ಚಾಲ್ತಿಯಲ್ಲಿರುತ್ತದೆಯೇ ನೋಡಿ. ನೀವು ಎಚ್1ಬಿ ಕೆಲಸದ ವೀಸಾದಲ್ಲಿದ್ದು ಪಾಸ್‌ಪೋರ್ಟ್‌ನಲ್ಲಿರುವ ವೀಸಾ ಸ್ಟಾಂಪ್ ಅವಧಿ ಮುಗಿದಿದ್ದರೆ ಜಾಗ್ರತೆ. ಮೆಕ್ಸಿಕೋಗೆ ಚಿಕ್ಕ ಅವಧಿಗೆ ಹೋಗಿಬಂದವರು ಅದೇ ಸ್ಟಾಂಪ್‌ನಲ್ಲಿ ಮರಳಿ ಬರಲು ಇರುವ ವಿನಾಯಿತಿ ಹೊಂಡುರಾಸ್‌ನ ರೊಆಟಾನ್‌ಗೆ ಅನ್ವಯಿಸುವುದಿಲ್ಲ. ಟಿಕೆಟ್ ಕೊಳ್ಳುವ ಮುಂಚೆ ನಿಮ್ಮ ವಕೀಲರನ್ನು ಕೇಳಿ. ಅತ್ತೆ-ಮಾವನಿಗೆ ಮಾಡಿಸಿರುವ ವಿಸಿಟರ್ ಇನ್ಶೂರೆನ್ಸ್ ಹಡಗಿನ ಮೇಲೆ ನಡೆಯುತ್ತದೆಯೇ ಅನ್ನುವುದನ್ನೂ ಓದಿ ನೋಡಿ. ಹಡಗಿನ ಡಾಕ್ಟರ್ ಬಿಲ್ ನೇರ ನಿಮ್ಮ ಖಾತೆಗೇ ಬರುತ್ತದೆ. ಅಲೆಯ ತಲೆಸುತ್ತಿಗೆ ಮಾತ್ರೆ ಬೇಕಾದರೆ ಮಕ್ಕಳ ಪ್ರಮಾಣವನ್ನು ನಿಮ್ಮ ಮಕ್ಕಳ ಡಾಕ್ಟರ್ ಹತ್ತಿರವೇ ಕೇಳಿ ತನ್ನಿ, ಎರಡೂವರೆ ವರ್ಷದವನಿಗೆ ಅಂದಾಜಿನಲ್ಲಿ ಅರ್ಧ ಮುರಿದು ಕೊಡುವುದು ಬೇಡ. ದಿನದ ಟಿಪ್ಸ್ ಅನ್ನು ನಿಮ್ಮ ಮಕ್ಕಳಿಗೂ ತಲೆಗಿಷ್ಟು ಅಂತ ಹಾಕುತ್ತಾರೆ, ಬಜೆಟ್‌ನಲ್ಲಿ ಸೇರಿಸಿಕೊಳ್ಳಿ.

ಡಲ್ಲಾಸ್‌ನಿಂದ ಗ್ಯಾಲ್ವೆಸ್ಟನ್‌ಗೆ ಐದು ಗಂಟೆಯ ಡ್ರೈವ್, ಪುಟ್ಟವನಿಗಾಗಿ ನಿಲ್ಲಿಸುತ್ತಾ ಹೋದರೆ ಆರೂವರೆ. ಹಿಂದಿನ ದಿನವೇ ಹೊರಟು ರಾತ್ರಿ ಅಲ್ಲೇ ಉಳಿಯಿರಿ. ಮಾರ್ಚ್‌ನಲ್ಲಿ ಆ ಕಾಲುವೆಯ ಮೇಲೆ ಮಂಜು ಕವಿದು ಹಡಗುಗಳು ತಡವಾಗುವುದೂ ಉಂಟು. ಹಾಗಾಗಿ ವಾಪಸ್ ಬರುವ ದಿನ ಮಧ್ಯಾಹ್ನಕ್ಕೆ ಆಫೀಸ್ ಮೀಟಿಂಗ್ ಇಟ್ಟುಕೊಳ್ಳಬೇಡಿ ಅಂತ ನಿಮ್ಮ ಯಜಮಾನರಿಗೆ ಹೇಳಿ. ಬಂದರಿನ ಕಾರ್ ಪಾರ್ಕಿಂಗ್ ಕೂಡ ಈಗಲೇ ಬುಕ್ ಮಾಡಿ, ಸ್ಪ್ರಿಂಗ್ ಬ್ರೇಕ್ ವಾರದಲ್ಲಿ ಅದು ಬೇಗ ತುಂಬುತ್ತದೆ.